ಲಾಗಾಫ್ ಮಾಡದ ಚಿಕ್ಕಪ್ಪ

ಸುಗ್ಗಿ ಮುಗಿದು ಬಿಸಿಲು ಬಲಿಯುತ್ತಿದ್ದ ದಿನಗಳು. ಗೋದಾಮಿನ ಅಂಗಳದಲ್ಲಿ ಬೆಳಗಿನಿಂದಲೇ ಲಾರಿಗಳು ಸಾಲುಗಟ್ಟಿದ್ದವು. ಹಮಾಲರ ಬೆನ್ನಿನಿಂದ ಗೋಧಿ ಮೂಟೆಗಳು ಧೂಳೆಬ್ಬಿಸುತ್ತ ಇಳಿಯುತ್ತಿದ್ದವು. ಆಫೀಸಿನ ಮೂಲೆಯಲ್ಲಿ ಕೂತ ಕಂಪ್ಯೂಟರ್ ಹುಡುಗಿ ಮಾತ್ರ ತಲೆ ಎತ್ತಿರಲಿಲ್ಲ. ಹನ್ನೊಂದು ಗಂಟೆಯೊಳಗೆ ಇಪ್ಪತ್ಮೂರು ಜನರ ಡೆಸ್ಕ್‌ಟಾಪು ಹೊಸ ಆವೃತ್ತಿಗೆ ಬದಲಾಗಬೇಕಿತ್ತು.

ಅಲ್ಲಿ ಯಾರ ಮೇಜಿನ ಮೇಲೂ ನಿಜವಾದ ಕಂಪ್ಯೂಟರ್ ಇರಲಿಲ್ಲ. ಪರದೆ, ಕೀಲಿಮಣೆ ಅಷ್ಟೆ. ಉಳಿದದ್ದೆಲ್ಲ ದೂರದ ಮುಖ್ಯ ಕಚೇರಿಯ ದೊಡ್ಡ ಯಂತ್ರದೊಳಗೆ. ಲಾಗಿನ್ ಆದಾಗ ಅವರವರ ಪ್ರೊಫೈಲು ಟ್ರಂಕಿನ ಹಾಗೆ ಬಂದಿಳಿಯುತ್ತಿತ್ತು. ಲಾಗಾಫ್ ಆದಾಗ ಹೊಸದನ್ನೆಲ್ಲ ತುಂಬಿಕೊಂಡು ವಾಪಸು ಹೋಗುತ್ತಿತ್ತು. ಲಾಗಾಫ್ ಮಾಡದವರ ಟ್ರಂಕಿನಲ್ಲಿ ಹಳೇ ಸಾಮಾನೇ.

ಅವಳ ಚಿಕ್ಕಪ್ಪ ಲಾಗಾಫ್ ಮಾಡುವ ಪೈಕಿಯಲ್ಲ. ಧಾನ್ಯಕ್ಕೆ ಹುಳ ಬೀಳದಂತೆ ವಿಷದ ಗುಳಿಗೆ ಇಟ್ಟು ಕೋಣೆ ಮುಚ್ಚಿಸುವುದು ಅವನ ಕೆಲಸ. ಯಾವ ಕೋಣೆಯಲ್ಲಿ ವಿಷವಿದೆ, ಯಾವುದು ಗಾಳಿಯಾಡಿದೆ ಎಂಬುದನ್ನು ತನ್ನ ಡೆಸ್ಕ್‌ಟಾಪಿನ ಮೇಲೊಂದು ಹಳದಿ ಚೀಟಿಯಲ್ಲಿ ಬರೆದಿಡುತ್ತಿದ್ದ. ಅಪಾಯದ ಕೆಂಪು ಬೋರ್ಡು ಎಲ್ಲ ಬಾಗಿಲಿಗೂ ವರ್ಷವಿಡೀ ನೇತಾಡುತ್ತಿದ್ದುದರಿಂದ ಅದಕ್ಕೆ ಯಾರೂ ಸೊಪ್ಪು ಹಾಕುತ್ತಿರಲಿಲ್ಲ. ಗುಮಾಸ್ತ ಬೀಗದ ಕೈ ಕೊಡುತ್ತಿದ್ದುದು ಹಳದಿ ಚೀಟಿ ನೋಡಿಯೇ.

"ನಿನ್ನ ಕಂಪ್ಯೂಟರ್ ಎದ್ದು ಮುಖ ತೊಳ್ಕೊಳೋ ಹೊತ್ತಿಗೆ ನಾನು ಎರಡು ಸಲ ಚಹಾ ಕುಡಿದಿರ್ತೀನಿ ಮಗಳೇ," ಎಂದು ಹೋದ ವಾರ ನಕ್ಕಿದ್ದ. "ಅದಕ್ಕೇ ಪರದೆ ಮಾತ್ರ ಆರಿಸ್ತೀನಿ. ನೀನು ಅದೇನೋ ಬದಲಾಯಿಸೋ ದಿನ ಒಂದು ಫೋನ್ ಹಾಕು. ಬಂದು ಮುಚ್ಚಿಕೊಡ್ತೀನಿ."

"ಹಾಕ್ತೀನಿ ಚಿಕ್ಕಪ್ಪ, ಖಂಡಿತ."

ಹತ್ತೂ ಮುಕ್ಕಾಲಿಗೆ ಇಪ್ಪತ್ತೆರಡು ಹೆಸರುಗಳ ಮುಂದೆ ಹಸಿರು ಗುರುತು ಬಿದ್ದಿತ್ತು. ಚಿಕ್ಕಪ್ಪನ ಹೆಸರು ಮಾತ್ರ 'ಬಳಕೆಯಲ್ಲಿದೆ' ಎನ್ನುತ್ತಿತ್ತು. ಮುಖ್ಯ ಕಚೇರಿಯಿಂದ ಎರಡನೇ ಸಲ ಫೋನು: "ನಿಮ್ಮದೊಂದೇ ಬಾಕಿ ಕಣ್ರೀ!" ಚಿಕ್ಕಪ್ಪ ಆಚೆ ಅಂಗಳದಲ್ಲಿ ಗುಳಿಗೆಯ ಕೆಲಸದಲ್ಲಿದ್ದ, ಕರೆದರೆ ಅದನ್ನು ಮುಗಿಸಿ ಬರಲು ಕಾಲು ಗಂಟೆ. 'ಉಳಿಸದ ಕೆಲಸ ಹೋಗುತ್ತದೆ. ಮುಂದುವರಿಯಬೇಕೆ?' ಎಂದು ಪರದೆ ಕೇಳಿತು. ಅವಳು ಹೂಂ ಎಂದು ಒತ್ತಿದಳು.

ಆದರೂ ಮನಸ್ಸು ತಡೆಯದೆ ಅವನ ಮೇಜಿಗೆ ಹೋಗಿ, ಕೀಲಿಮಣೆಯಡಿ ಅಂಟಿಸಿದ್ದ ಪಾಸ್‌ವರ್ಡಿನಿಂದ ಲಾಗಿನ್ ಆಗಿ ನೋಡಿದಳು. ಹಳದಿ ಚೀಟಿ ಇದ್ದಲ್ಲೇ ಇತ್ತು. ಸದ್ಯ, ಏನೂ ಹೋಗಿಲ್ಲ ಎಂದು ಉಸಿರು ಬಿಟ್ಟು, ಪರದೆ ಹಾಗೇ ತೆರೆದಿಟ್ಟು ಜಾಗಕ್ಕೆ ಬಂದಳು.

ಹಮಾಲರ ಮೇಸ್ತ್ರಿ ಕಿಟಕಿಗೆ ಬಂದ. "ಗುಮಾಸ್ತರೇ, ನಾಲ್ಕನೇ ಕೋಣೆ ತೆಗೀಬಹುದಾ? ಲಾರಿಯವನು ಬೈಕೊಂಡು ಕೂತಿದಾನೆ."

ಗುಮಾಸ್ತ ಕುತ್ತಿಗೆ ಚಾಚಿ ಚಿಕ್ಕಪ್ಪನ ಪರದೆ ನೋಡಿದ. "ನಾಲ್ಕು ಗಾಳಿಯಾಡಿದೆ, ತಗೋ. ತಂಪಾಗಿದೆ ಅಂತ ಅಲ್ಲೇ ಮಲಗಿಬಿಟ್ಟೀಯ, ನಿನ್ನ ಮಾವನ ಮನೆ ಅಲ್ಲ ಅದು."

ಮೇಸ್ತ್ರಿ ನಗುತ್ತ ಹೋದ.

ವರದಿ ತುಂಬುತ್ತಿದ್ದವಳ ಕಣ್ಣು ಒಂದು ಸಾಲಿನ ಮೇಲೆ ನಿಂತಿತು. ಚಿಕ್ಕಪ್ಪನ ಪ್ರೊಫೈಲು ಕೊನೆಯ ಸಲ ಉಳಿದದ್ದು ಹದಿನೆಂಟು ದಿನದ ಹಿಂದೆ. ಚೀಟಿ ಹದಿನೆಂಟು ದಿನದ ಹಿಂದಿನದು. ನಾಲ್ಕನೇ ಕೋಣೆಗೆ ಅವನು ಗುಳಿಗೆ ಇಟ್ಟದ್ದು ಮೊನ್ನೆ. ಊಟದ ಹೊತ್ತಿನಲ್ಲಿ ಅವನೇ ಹೇಳಿದ್ದ.

ಅವಳು ಚಪ್ಪಲಿ ಬಿಟ್ಟು ಓಡಿದಳು. ತೆರೆದ ಬಾಗಿಲಿನಿಂದ ಕೊಳೆತ ಮೀನಿನಂಥ ವಾಸನೆ. ಇಬ್ಬರು ಹಮಾಲರು ಗೋಡೆ ಹಿಡಿದು ಕಾರಿಕೊಳ್ಳುತ್ತಿದ್ದರು. ಅವಳ ಕೂಗಿಗೆ ಓಡಿಬಂದ ಚಿಕ್ಕಪ್ಪ ಮುಖವಾಡ ಬಿಗಿದು ಒಳಗೆ ನುಗ್ಗಿ, ಮೂಟೆಗಳ ಮೇಲೆ ಬಿದ್ದಿದ್ದ ಮೇಸ್ತ್ರಿಯನ್ನು ಹೊತ್ತು ತಂದ. ಆಸ್ಪತ್ರೆಯಿಂದ ಡಾಕ್ಟರು ಫೋನಿನಲ್ಲಿ ಹೇಳಿದ್ದು ಇಷ್ಟು: "ಇದು ನಿಧಾನಕ್ಕೆ ಏರೋ ವಿಷ. ನಾಳೆವರೆಗೂ ಏನೂ ಹೇಳೋಕಾಗಲ್ಲ."

ಮಧ್ಯಾಹ್ನ ಸಾಹೇಬರು ಬಂದು ಪರದೆಯ ಮುಂದೆ ನಿಂತರು. "ಇದನ್ನ ಬರೆದೋರು ಯಾರು?"

ಚಿಕ್ಕಪ್ಪ ಚೀಟಿ ಓದಿದ. ಅದಾದ ಮೇಲೆ ತಾನು ಎರಡು ಸಲ ತಿದ್ದಿ ಬರೆದದ್ದು ಅವನಿಗೆ ಗೊತ್ತಿತ್ತು; ಆ ತಿದ್ದಿದ್ದು ಯಾವುದೂ ಇಲ್ಲಿರಲಿಲ್ಲ. ತಿರುಗಿ ಅವಳ ಮುಖ ನೋಡಿದ.

"ನಾನೇ ಸ್ವಾಮಿ. ತಿದ್ದೋದು ಮರೆತೆ."

"ಚಿಕ್ಕಪ್ಪ, ಅದು..."

"ಸುಮ್ನಿರಮ್ಮ." ದನಿ ತಗ್ಗಿಸಿದ. "ನನ್ನ ಸರ್ವಿಸು ಇನ್ನು ನಾಲ್ಕು ತಿಂಗಳು. ನಿನ್ನದಿನ್ನೂ ಖಾಯಂ ಆಗಿಲ್ಲ."

ಅವಳು ತನ್ನ ಜಾಗಕ್ಕೆ ಹಿಂತಿರುಗಿದಳು. ಅವನು ಹೇಳಿಕೆಗೆ ಸಹಿ ಹಾಕಿದ.

ಸಂಜೆ ಮೇಸ್ತ್ರಿಯ ಹೆಂಡತಿ ಆಸ್ಪತ್ರೆಯಿಂದ ಗೇಟಿಗೆ ಬಂದಳು. "ಬಾಗಿಲು ತೆಗೆಸಿದೋನು ಯಾರು? ತೋರಿಸಿ ನನಗೆ," ಎಂದಳು. ಹಮಾಲರು ಚಿಕ್ಕಪ್ಪನ ಕಡೆ ಕೈ ಮಾಡಿದರು. ಅವನು ತಲೆ ತಗ್ಗಿಸಿ ನಿಂತ. ಹುಡುಗಿ ಗಾಜಿನ ಕಿಟಕಿಯ ಹಿಂದೆ ಎದ್ದು ನಿಂತಳು; ಬಾಗಿಲವರೆಗೂ ಬಂದಳು; ಹೊರಗೆ ಹೋಗಲಿಲ್ಲ.