ಚೌಕಳಿ ಅಂಗಿಯ ಹರಕೆ

ನನ್ನ ಗಂಡನ ಹೆಸರನ್ನು ನಾನು ಹೇಳುವುದಿಲ್ಲ. ಮದುವೆಯಾಗಿ ನಲವತ್ತೊಂದು ವರ್ಷವಾಯಿತು, ಒಮ್ಮೆಯೂ ಬಾಯಿ ಜಾರಿಲ್ಲ. ಬೇರೆಯವರ ಬಾಯಲ್ಲಿ ಬಂದಾಗ ನೀವೇ ಕೇಳಿಸಿಕೊಳ್ಳಿ. ನನಗೆ ಅವರು ನೀರುಗಂಟಿ, ಅಷ್ಟೇ. ಬೆಟ್ಟದಿಂದ ಇಳಿಯುವ ಹಳ್ಳದ ನೀರು ಯಾರ ಹೊಲಕ್ಕೆ ಯಾವ ಹೊತ್ತಿಗೆ ಹೋಗಬೇಕು ಅನ್ನುವುದನ್ನು ತೀರ್ಮಾನ ಮಾಡುವವರು ಅವರೇ. ವಸಂತದಲ್ಲಿ ಊರನ್ನೆಲ್ಲ ಸೇರಿಸಿ ಹಳ್ಳದ ಹೂಳು ತೆಗೆಸುವವರೂ ಅವರೇ.

ಆ ಕೂಡುಕೆಲಸಕ್ಕೆ ನಾವು ಅಶಾರ್ ಅನ್ನುತ್ತೇವೆ. ಹಳ್ಳದ ಇಷ್ಟುದ್ದ ಇಂಥ ಮನೆಯ ಪಾಲು ಅಂತ ಸಲಿಕೆಯ ಹಿಡಿಯಲ್ಲಿ ಅಳೆದು ಕೊಟ್ಟಿರುತ್ತದೆ. ಅವರವರ ಪಾಲಿನ ಹೂಳು, ಕೊಂಬೆ, ಕಲ್ಲು ಅವರವರೇ ತೆಗೆಯಬೇಕು. ಯಾರೂ ತಪ್ಪಿಸಿಕೊಳ್ಳುವ ಹಾಗಿಲ್ಲ, ನೀರುಗಂಟಿಯಂತೂ ಇಲ್ಲವೇ ಇಲ್ಲ. ಜೂನ್‌ನಲ್ಲಿ ಬೆಟ್ಟದ ಮೇಲೆ ಮಳೆ ಹೊಡೆದರೆ ಈ ಹಳ್ಳ ಕೆಸರು, ಬಂಡೆ, ಬುಡಮೇಲಾದ ಮರ ಎಲ್ಲವನ್ನೂ ಹೊತ್ತುಕೊಂಡು ಬರುತ್ತದೆ. ಅಡ್ಡ ಏನಾದರೂ ಸಿಕ್ಕರೆ ಪಕ್ಕದ ಮನೆಗೆ ನುಗ್ಗುತ್ತದೆ.

ನಮ್ಮ ಪಾಲಿಗೆ ಬಂದಿರುವುದು ತಿರುವು. ನಮ್ಮ ಮನೆಯ ಮುಂದೆಯೇ ಹಳ್ಳ ಎಡಕ್ಕೆ ಹೊರಳುತ್ತದೆ. ಆಚೆ ದಡದಲ್ಲಿ ಏಳು ವಿಲೋ ಮರ. ಈಚೆ ದಡದಲ್ಲಿ ನನ್ನ ಆಲೂಗಡ್ಡೆ ಮಡಿ, ರಾಸ್‌ಬೆರಿ ಪೊದೆ. ತಿರುವು ದಾಟಿದ ಕೂಡಲೇ ಕಾಲ್‌ಬುಬು ಮನೆ.

ನಾಲ್ಕು ವರ್ಷದ ಹಿಂದೆ ಚಳಿಗಾಲದಲ್ಲಿ ಕೊಟ್ಟಿಗೆಯ ಮುಂದಿನ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ನನ್ನ ತೊಡೆಯ ಮೂಳೆ ಮುರಿಯಿತು. ಮೇ ತಿಂಗಳಿಡೀ ಜಗಲಿಯ ಮೇಲೆ ಮಲಗಿದ್ದೆ. ಆಗ ಬಂದದ್ದು ಉದ್ದ ಬಾಲದ ಹಕ್ಕಿ. ಮೈಯೆಲ್ಲ ಬಿಳಿ, ತಲೆ ಮಾತ್ರ ಕಪ್ಪು, ಬಾಲ ನನ್ನ ಮೊಳದಷ್ಟು ಉದ್ದ. ವಿಲೋ ಕೊಂಬೆಯ ಮೇಲೆ ಗಂಡಹೆಂಡತಿ ಸೇರಿ ಚಹಾ ಬಟ್ಟಲಿನಂಥ ಗೂಡು ಕಟ್ಟಿದವು. ಚಳಿಗಾಲ ಬಂದರೆ ಹಿಂದೂಸ್ತಾನದ ಕಾಡಿಗೆ ಹೋಗುತ್ತವಂತೆ, ಶಾಲೆಯ ಮಾಸ್ತರರು ಹೇಳಿದರು. ಅಷ್ಟು ದೂರದಿಂದ ಹಾರಿ ಬಂದು ನನ್ನ ಕಣ್ಣ ಮುಂದೆಯೇ ಸಂಸಾರ ಹೂಡಿದವಲ್ಲ ಅಂತ ನನಗೆ ಆಗ ಅಳು ಬಂದಿತ್ತು. ಹೆಜ್ಜೆ ಇಡಲಾಗದೆ ಬಿದ್ದಿದ್ದ ನನಗೆ ಬೆಳಗಾಗುವುದನ್ನು ಕಾಯಲು ಒಂದು ಕಾರಣ ಸಿಕ್ಕಿತ್ತು. ಅಲ್ಲಿಂದ ಪ್ರತಿ ವರ್ಷವೂ ಬರುತ್ತಿವೆ.

ಎರಡು ವರ್ಷದ ಹಿಂದೆ ಅವುಗಳಿಗಾಗಿಯೇ, ಅಂದರೆ ನನಗಾಗಿಯೇ, ನೀರುಗಂಟಿ ತಿರುವಿನಲ್ಲಿ ಒಂದು ಕೊಂಬೆಯನ್ನೂ ಮುಟ್ಟಲಿಲ್ಲ. ಜೂನ್‌ನಲ್ಲಿ ನೆರೆ ಬಂತು. ತೇಲಿ ಬಂದ ದೊಡ್ಡದೊಂದು ದಿಮ್ಮಿ ಜೋತುಬಿದ್ದ ಕೊಂಬೆಗಳಿಗೆ ಸಿಕ್ಕಿಕೊಂಡಿತು, ನೀರು ಹೊರಳಿ ಸೀದಾ ಕಾಲ್‌ಬುಬು ಅಡುಗೆಮನೆಗೆ ಹೋಯಿತು. ರೊಟ್ಟಿ ಸುಡುವ ಮಣ್ಣಿನ ಒಲೆ ಕರಗಿ ಹೋಯಿತು, ಕೋಳಿಗಳಲ್ಲಿ ಉಳಿದದ್ದು ಎರಡೇ. ನಮ್ಮವರು ಅವಳ ಅಂಗಳದ ಕೆಸರಿನಲ್ಲಿ ಮೊಣಕಾಲುದ್ದ ನಿಂತು ಎಲ್ಲರ ಎದುರಿಗೆ ಮಾತು ಕೊಟ್ಟರು: ಮುಂದಿನ ಅಶಾರ್‌ನಲ್ಲಿ ತಿರುವಿನಲ್ಲಿ ಒಂದು ಮರವನ್ನೂ ಉಳಿಸುವುದಿಲ್ಲ.

ಈ ಮನುಷ್ಯ ಮಾತು ತಪ್ಪುವವರಲ್ಲ, ಸುಳ್ಳಂತೂ ಹೇಳುವವರೇ ಅಲ್ಲ. ಮದುವೆಯ ದಿನ ನನ್ನ ಅಡುಗೆ ಹೇಗಿತ್ತು ಅಂತ ಅತ್ತೆ ಕೇಳಿದಾಗ "ಉಪ್ಪು ಜಾಸ್ತಿ" ಅಂದವರು.

ಸಾಮಾನ್ಯವಾಗಿ ಅಶಾರ್ ಏಪ್ರಿಲ್‌ನಲ್ಲಿ ಆಗುತ್ತದೆ, ಹಕ್ಕಿ ಬರುವುದು ಮೇ ನಡುವಿಗೆ. ಹೋದ ವರ್ಷ ಏಪ್ರಿಲ್ ಪೂರ್ತಿ ಹಿಮ ಸುರಿದು ಅಶಾರ್ ಮೇ ಕೊನೆಯ ಶನಿವಾರಕ್ಕೆ ಹೋಯಿತು. ಅಷ್ಟರಲ್ಲಿ ಗೂಡು ಕಟ್ಟಿ ಮುಗಿದಿತ್ತು.

"ಏಳೂ ಹೋಗ್ಬೇಕು," ಅಂದರು ನೀರುಗಂಟಿ, ಚಹಾ ಬಟ್ಟಲಿನಲ್ಲಿ ಮುಖ ಹುದುಗಿಸಿಕೊಂಡು.

"ಮೊಟ್ಟೆ ಇಟ್ಟಿದೆ."

"ಗೊತ್ತು. ನಾಲ್ಕು."

"ಎಣಿಸಿದ್ದೂ ಆಯ್ತಾ? ಎಣಿಸಿ ಕಡಿಯೋರನ್ನ ಇವತ್ತೇ ನೋಡಿದ್ದು ನಾನು. ನಾಲ್ಕು ವಾರ ತಡೀರಿ. ಮರಿ ಹಾರಿದ್ಮೇಲೆ ನಾನೇ ಕೊಡಲಿ ಹಿಡ್ಕೊಂಡು ಬರ್ತೀನಿ."

"ನಾಲ್ಕು ವಾರ ತಡಿ ಅಂತ ಬೆಟ್ಟಕ್ಕೆ ನೀನೇ ಹೋಗಿ ಹೇಳ್ಬಾ, ಮುದುಕಿ. ನಿನ್ನ ಮಾತು ಕೇಳಿದ್ರೂ ಕೇಳ್ಬಹುದು. ನಾನು ಕೇಳ್ತಾನೇ ಬಂದಿದೀನಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ತಡೆಯಲಾಗದ್ದು.

ಶುಕ್ರವಾರ ಸಂಜೆ ಅವರು ಮೇಲಿನ ತೂಬು ನೋಡಲು ಹೋಗಿದ್ದರು. ನಾನು ಹಳೆಬಟ್ಟೆಯ ಗಂಟು ಬಿಚ್ಚಿದೆ. ನಮ್ಮ ಕಡೆ ಹರಕೆ ಹೊತ್ತವರು ತಮ್ಮ ಬಟ್ಟೆಯ ಚೂರನ್ನು ಮರಕ್ಕೆ ಕಟ್ಟುತ್ತಾರೆ. ಹಾಗೆ ಕಟ್ಟಿದ ಮರಕ್ಕೆ ಯಾರೂ ಕೊಡಲಿ ಹಾಕುವುದಿಲ್ಲ. ಬೇರೆಯವರ ಗಂಟು ಬಿಚ್ಚಿದರೆ ಅವರ ಕಷ್ಟ ನಮ್ಮ ತಲೆಗೆ ಬರುತ್ತದೆ ಅನ್ನುವ ಭಯ. ಹರಕೆ ತೀರಿದ ಮೇಲೆ ಕಟ್ಟಿದವರೇ ಬಂದು ಬಿಚ್ಚಬೇಕು. ನನ್ನ ಬಟ್ಟೆ ಕಟ್ಟಿದರೆ ಊರ ಹೆಂಗಸರು ದೂರದಿಂದಲೇ ಗುರುತು ಹಿಡಿಯುತ್ತಾರೆ. ಅದಕ್ಕೆ ಗಂಟಿನ ತಳದಲ್ಲಿದ್ದ ನಮ್ಮವರ ಹಳೆಯ ಹಸಿರು ಚೌಕಳಿ ಅಂಗಿ ತೆಗೆದು, ಏಳು ಪಟ್ಟಿ ಹರಿದು, ಹಳ್ಳಕ್ಕೆ ಅಡ್ಡ ಹಾಕಿದ ಹಲಗೆ ದಾಟಿ ಹೋಗಿ ಏಳೂ ಮರಕ್ಕೆ ಬಿಗಿದು ಬಂದೆ. ಬಹಳ ಜಾಣೆ ಅಂದುಕೊಂಡೆ.

ಶನಿವಾರ ಬೆಳಿಗ್ಗೆ ಎದ್ದರೆ ಹಗ್ಗದ ಮೇಲೆ ಒಣಹಾಕಿದ್ದ ನನ್ನ ನೀಲಿ ತಲೆವಸ್ತ್ರದ ಅಂಚು ಹರಿದುಹೋಗಿತ್ತು. ಪಕ್ಕದಲ್ಲೇ ಮೇಕೆ ಏನೋ ಮೆಲುಕು ಹಾಕುತ್ತಿತ್ತು. ಮೊದಲೇ ಮನಸ್ಸು ನೆಟ್ಟಗಿರಲಿಲ್ಲ, ಅದರ ಬೆನ್ನಿಗೆ ಎರಡು ಬಿಟ್ಟೆ.

ಎಂಟು ಗಂಟೆಗೆ ಸಲಿಕೆ, ಕೊಡಲಿ ಹಿಡಿದು ಜನ ಬಂದರು. ಸಾಗಿನ್ ಟ್ರ್ಯಾಕ್ಟರ್ ತಂದ. ಊರಿನಲ್ಲಿ ಯಾರಿಗೆ ಹಲ್ಲುನೋವಾದರೂ ನಗುವ ಗಿರಾಕಿ ಅವನು. ಮರಗಳನ್ನು ನೋಡಿದವನೇ ಹಲಗೆಯ ಮೇಲೆ ನಿಂತುಬಿಟ್ಟ.

"ಇಲ್ ನೋಡ್ರೋ! ಇದು ತಾಶ್ತಾನ್ ಬಾಯ್ಕೆ ಅಂಗಿ ಅಲ್ವಾ? ಹದಿನೈದು ವರ್ಷ ಇದೇ ಅಂಗೀಲಿ ನಮಗೆ ನೀರು ಹಂಚಿದಾರೆ!"

ನಮ್ಮವರನ್ನು ಊರೆಲ್ಲ ಬಾಯ್ಕೆ, ಅಂದರೆ ಅಣ್ಣ, ಅಂತಲೇ ಕರೆಯುವುದು. ಯಾರ ಬಟ್ಟೆಯೋ ಅವರದ್ದೇ ಹರಕೆ. ಇಷ್ಟು ವಯಸ್ಸಾಗಿ ಅದು ನನ್ನ ತಲೆಗೆ ಹೊಳೆಯಲಿಲ್ಲವಲ್ಲ!

"ಒಂದಲ್ಲ, ಏಳು ಹರಕೆ! ಬಾಯ್ಕೆ, ಈ ವಯಸ್ಸಲ್ಲಿ ಏನು ಬೇಡ್ಕೊಂಡ್ರಿ? ಎರಡನೇ ಹೆಂಡ್ತೀನಾ?"

"ಮೊದಲನೇದನ್ನ ತಡ್ಕೊಳ್ಳೋ ಶಕ್ತಿ ಬೇಡಿರ್ತಾರೆ ಬಿಡೋ," ಅಂದರು ಯಾರೋ. ಎಲ್ಲರೂ ನಕ್ಕರು.

ಕಾಲ್‌ಬುಬು ನಗಲಿಲ್ಲ. ಗಂಡ ಸತ್ತ ಮೇಲೆ ಒಬ್ಬಳೇ ಮನೆ ತೂಗಿಸಿಕೊಂಡು ಬಂದ ಹೆಂಗಸು. ಅದರ ಹಿಂದಿನ ಶರತ್ಕಾಲದಲ್ಲಿ ತಾನೇ ಮಣ್ಣು ತುಳಿದು ಹೊಸ ಒಲೆ ಕಟ್ಟಿಕೊಂಡಿದ್ದಳು. ಸಲಿಕೆ ನೆಲಕ್ಕೆ ಊರಿ ನಮ್ಮವರ ಎದುರಿಗೆ ಬಂದು ನಿಂತಳು.

"ಇದನ್ನ ಕಟ್ಟಿದ್ದು ಯಾರು, ಬಾಯ್ಕೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ನೀರುಗಂಟಿ ಹೇಳಿಬಿಟ್ಟರು: "ನಾನೂ ಕಟ್ಟಿದೀನಿ ಅಂತ ತಿಳ್ಕೊ."

"ಹೋದ್ ವರ್ಷ ನನ್ನ ಅಂಗಳದಲ್ಲಿ ನಿಂತು ಮಾತು ಕೊಟ್ಟೋರು?"

"ಅದೂ ನಾನೇ."

"ಎರಡೂ ನೀವೇ ಅಂದ್ರೆ ಈ ಸಲ ನನ್ನ ಅಡುಗೆಮನೆಗೆ ಯಾವುದು ಬರ್ತದೆ? ನಿಮ್ಮ ಮಾತಾ, ಹಳ್ಳದ ನೀರಾ?"

ನಗು ನಿಂತಿತು. ನಲವತ್ತು ಜನರ ಮುಂದೆ ನಮ್ಮವರು ತಲೆ ತಗ್ಗಿಸಿದರು. ಅವರ ಬಾಯಿಂದ ಬಂದ ಮೊದಲ ಸುಳ್ಳು ಅದು, ನನ್ನನ್ನು ಉಳಿಸಲಿಕ್ಕೆ ಹೇಳಿದ್ದು ಅಂದುಕೊಂಡೆ. ಊರಿಗೆ ನೀರುಗಂಟಿಯ ಮಾತಿನ ಮೇಲೆ ನಂಬಿಕೆ ಹೋದರೆ ಉಳಿಯುವುದೇನು? ನಾಳೆ ಯಾರದೋ ಹೊಲಕ್ಕೆ ಎರಡು ಗಂಟೆ ನೀರು ಅಂದರೆ ಯಾರು ಕೇಳುತ್ತಾರೆ?

ತಲೆ ತಗ್ಗಿಸಿದವರ ಕಣ್ಣು ಒಂದು ಗಳಿಗೆ ಮಾತ್ರ ನನ್ನ ಆಲೂಗಡ್ಡೆ ಮಡಿಯ ಕಡೆ ಹೋಗಿ ಬಂತು. ನನಗೆ ಅರ್ಥವಾಯಿತು. ಇದು ನಮ್ಮಿಬ್ಬರಿಗೆ ಮಾತ್ರ ಗೊತ್ತಿದ್ದ ವಿಷಯ. ನಾನು ಮದುವೆಯಾಗಿ ಬಂದಾಗ ಆ ಮಡಿ ನಾಲ್ಕೇ ಸಾಲಿತ್ತು. ಪ್ರತಿ ವಸಂತದಲ್ಲಿ ಅಂಚಿನ ಕಲ್ಲುಗಳನ್ನು ಒಂದೊಂದು ಗೇಣು ಹಳ್ಳದ ಕಡೆ ಸರಿಸುತ್ತಾ ಬಂದವಳು ನಾನು. ಈಗ ಹನ್ನೆರಡು ಸಾಲು. ಅಷ್ಟು ಜಾಗ ನಾನು ತಿಂದಿದ್ದಕ್ಕೇ ನೀರು ಆಚೆ ದಡದ ಮರಗಳಿಗೆ ಒತ್ತಿಕೊಂಡು ಹರಿಯುವುದು. ಅವರು ಎಷ್ಟೋ ಸಲ ಹೇಳಿದ್ದರು, ಆದರೆ ಊರಿನವರ ಮುಂದೆ ಒಮ್ಮೆಯೂ ಹೇಳಿರಲಿಲ್ಲ. ಆವತ್ತೂ ಹೇಳಲಿಲ್ಲ.

ನಾನು ಸಲಿಕೆ ತೆಗೆದುಕೊಂಡು ಮಡಿಗಿಳಿದೆ. ಎರಡೆಲೆ ಬಂದಿದ್ದ ಆಲೂಗಡ್ಡೆ ಗಿಡಗಳ ನಡುವೆ ಅಗೆದೆ. ಮೊಳದಾಳದಲ್ಲಿ ಸಲಿಕೆ ಟಣ್ ಅಂದಿತು.

"ಕಾಲ್‌ಬುಬು, ಇಲ್ ಬಾ! ಹಳೇ ದಡದ ಕಲ್ಲು ಇದು. ನಮ್ಮ ಮಾವ ಇಟ್ಟಿದ್ದು. ಇಲ್ಲಿಂದ ಆಚೆಗಿರೋದೆಲ್ಲ ಹಳ್ಳದ್ದು. ನಿನ್ನ ಒಲೆ ಕರಗಿಸಿದ್ದು ಆ ಮರಗಳಷ್ಟೇ ಅಲ್ಲ, ನನ್ನ ಆಲೂಗಡ್ಡೇನೂ. ಸಾಗಿನ್, ಹಲ್ಲು ಕಿರೀತಾ ನಿಂತ್ಕೋಬೇಡ, ಟ್ರ್ಯಾಕ್ಟರ್ ಇಲ್ಲಿಗೆ ತಾ. ಇನ್ನೊಂದು ಮಾತು, ಆ ಬಟ್ಟೆ ಕಟ್ಟಿದ್ದು..."

"ಮುದುಕಿ, ಕೈ ಆಡಿಸು, ಬಾಯಿ ಸಾಕು," ಅಂದರು ನೀರುಗಂಟಿ ಜೋರಾಗಿ. ಅವರೂ ಮಡಿಗಿಳಿದರು.

ಕಾಲ್‌ಬುಬು ಕಲ್ಲನ್ನು ನೋಡಿದಳು, ಮರಗಳನ್ನು ನೋಡಿದಳು. ಹೆಜ್ಜೆ ಹಾಕಿ ಅಗಲ ಅಳೆದಳು, ಎಂಟು ಹೆಜ್ಜೆ. "ನೀರಿಗೆ ತಾಗೋ ಕೊಂಬೆ ಒಂದೂ ಇರ್ಬಾರ್ದು," ಅಂದಳು.

"ನಾನೇ ಗರಗಸದಲ್ಲಿ ಕೊಯ್ತೀನಿ. ಬೇರು ಇರ್ಲಿ, ದಡ ಹಿಡ್ಕೊಳ್ಳೋದು ಅದೇ," ಅಂದರು ನಮ್ಮವರು.

"ಸರಿ," ಅಂದ ಕಾಲ್‌ಬುಬು ನನ್ನ ಕಡೆ ತಿರುಗಿದಳು. ಅವಳಿಗೆ ನಾನು ಎಜೆ, ಅಂದರೆ ಅಕ್ಕ. "ಎಜೆ, ಈ ರಾಸ್‌ಬೆರೀನ ಟ್ರ್ಯಾಕ್ಟರ್ ತುಳಿಯೋಕ್ಮುಂಚೆ ಬೇರು ಸಮೇತ ಕೀಳು. ನಮ್ಮ ಹಿತ್ತಲಲ್ಲಿ ನೆಡ್ತೀನಿ. ಜಾಮ್ ಅರ್ಧ ನಂದು."

"ಅರ್ಧ ಯಾಕೆ, ಪೂರ್ತಿ ತಿನ್ನು," ಅಂದೆ. ಎಂಟು ಸಾಲು ಆಲೂಗಡ್ಡೆ ಹೋಯಿತು. ಆ ಮಧ್ಯಾಹ್ನ ನಾನು ಮಾಡಿದ ಪಲಾವ್‌ಗೆ ಉಪ್ಪು ಜಾಸ್ತಿಯಾಗಿತ್ತು. ನಲವತ್ತು ಜನ ಸುಮ್ಮನೆ ತಿಂದರು, ಒಬ್ಬರು ಮಾತ್ರ ಹೇಳಿದರು. ಯಾರು ಅಂತ ಕೇಳಬೇಡಿ.

ಮೂರು ವಾರದ ನಂತರ ಒಂದು ಮಧ್ಯಾಹ್ನ ಬೆಟ್ಟದ ಮೇಲೆ ಕಪ್ಪಾಯಿತು. ಮೊದಲು ಸದ್ದು ಬಂತು, ಆಮೇಲೆ ಮಣ್ಣಿನ ವಾಸನೆ, ಆಮೇಲೆ ಕೆಂಪು ನೀರು. ಗೂಡಿನಲ್ಲಿ ಮರಿಗಳಿದ್ದವು. ನಾನು ಜಗಲಿಯಲ್ಲಿ ನಿಂತು ಒಮ್ಮೆ ಅವುಗಳನ್ನು, ಒಮ್ಮೆ ಕಾಲ್‌ಬುಬು ಹೊಸ್ತಿಲನ್ನು ನೋಡುತ್ತಿದ್ದೆ. ನೀರು ನನ್ನ ಮಡಿಯಿದ್ದ ಜಾಗಕ್ಕೆ ಹರಡಿಕೊಂಡಿತು. ದಿಮ್ಮಿಗಳು ಮರಗಳ ಬುಡಕ್ಕೆ ಬಡಿದು, ಹಿಡಿದುಕೊಳ್ಳಲು ಕೊಂಬೆ ಸಿಗದೆ ಮುಂದೆ ಹೋದವು. ನಮ್ಮವರು ಮಳೆಯಲ್ಲಿ ಉದ್ದನೆಯ ಕೊಕ್ಕೆ ಹಿಡಿದು ತಿರುವಿನಲ್ಲೇ ನಿಂತಿದ್ದರು, ಎಷ್ಟು ಕೂಗಿದರೂ ಒಳಗೆ ಬರಲಿಲ್ಲ. ಗಂಟೆ ಕಳೆದ ಮೇಲೆ ಕೆಳಗಿನಿಂದ ಕಾಲ್‌ಬುಬು ನನ್ನ ಹೆಸರು ಹಿಡಿದು ಕೂಗಿದಳು.

"ಬುರುಲ್ ಎಜೇ! ಒಲೆ ಒಣಗೇ ಇದೇ!"

ಸಂಜೆ ಅದೇ ಒಲೆಯಲ್ಲಿ ಸುಟ್ಟ ಬಿಸಿ ರೊಟ್ಟಿ ನಮ್ಮ ಮನೆಗೆ ಬಂತು. ಐದನೆಯ ದಿನ ಮರಿಗಳು ಹಾರಿದವು.

ಹರಕೆ ತೀರಿತಲ್ಲ, ಗಂಟು ಬಿಚ್ಚಲು ನಾನು ಆಚೆ ದಡಕ್ಕೆ ಹೋದೆ. ಕೆಸರು ಮೆತ್ತಿದ ಏಳು ಪಟ್ಟಿಗಳನ್ನೂ ಒಂದೊಂದಾಗಿ ಬಿಚ್ಚಿದೆ. ಕೊನೆಯ ಮರದ ಹಿಂಬದಿಗೆ ಬಂದಾಗ ಮೇಲೆ ಏನೋ ನೀಲಿ ಕಂಡಿತು. ಗೂಡಿದ್ದ ಕೊಂಬೆಯ ಹತ್ತಿರ, ನನ್ನ ತಲೆವಸ್ತ್ರದ ಅಂಚು. ತೂಬಿನ ಹಲಗೆಗೆ ಹಾಕುವ ಗಂಟು ಅದು. ಊರಿನಲ್ಲಿ ಆ ಗಂಟು ಹಾಕುವ ಕೈ ಒಂದೇ. ಆವತ್ತು ನಲವತ್ತು ಜನರ ಮುಂದೆ ಅವರು ಸುಳ್ಳು ಹೇಳಿರಲಿಲ್ಲ.

ಮರಕ್ಕೆ ಹಣೆ ಆನಿಸಿದೆ. ಈ ಮನುಷ್ಯನನ್ನು ನಾನು ಎಷ್ಟು ಪ್ರೀತಿಸುತ್ತೇನೆ ಅಂತ ಅವರಿಗೆ ಯಾವತ್ತಾದರೂ ಹೇಳಿದ್ದೇನಾ? ಇಲ್ಲ. ಹೇಳಿದ್ದರೆ ತಲೆಗೇರುತ್ತಿತ್ತು.

"ಆ ನೀಲಿ ಪಟ್ಟೀನ ಯಾವಾಗ ಕಟ್ಟಿದ್ರಿ?" ಅಂತ ಮನೆಗೆ ಬಂದು ಕೇಳಿದೆ.

"ನನ್ನ ಅಂಗೀನ ಮರದ ಮೇಲೆ ನೋಡಿದೆನಲ್ಲ, ಆವತ್ತು ಬೆಳಿಗ್ಗೆನೇ."

"ಮರಿ ಹಾರಿಹೋದ್ವು. ಬಿಚ್ಚಿ ಮತ್ತೆ."

"ನಾನ್ಯಾಕೆ ಬಿಚ್ಲಿ? ಬಟ್ಟೆ ನಿಂದು, ಹರಕೆನೂ ನಿಂದೇ."

"ನನ್ನ ಕೈಗೆ ಎಟುಕಲ್ಲ."

"ಎಟುಕಬಾರ್ದು ಅಂತಾನೇ ಅಷ್ಟು ಮೇಲೆ ಕಟ್ಟಿದ್ದು," ಅಂದು ಚಹಾಕ್ಕೆ ಬಟ್ಟಲು ಮುಂದೆ ಚಾಚಿದರು.

ಅಂದು ಮೇಕೆಗೆ ಇಡೀ ಒಂದು ರೊಟ್ಟಿ ಕೊಟ್ಟೆ.

ಈ ವರ್ಷ ಅಶಾರ್ ಏಪ್ರಿಲ್ ಹತ್ತಕ್ಕೇ ಆಯಿತು, ಹಕ್ಕಿ ಬರುವ ಎಷ್ಟೋ ಮುಂಚೆ. ಹೂಳು ತೆಗೆದರು, ಆರು ಮರಗಳ ತಗ್ಗಿದ ಕೊಂಬೆ ಸವರಿದರು. ಏಳನೆಯ ಮರದ ಹತ್ತಿರ ಬಂದಾಗ ಕಾಲ್‌ಬುಬು ತಲೆಯೆತ್ತಿ ನೀಲಿ ಪಟ್ಟಿಯನ್ನು ನೋಡಿದಳು.

"ಇನ್ನೂ ಬಿಚ್ಚಿಲ್ವಾ ಎಜೆ?"

"ಎಟುಕಲ್ಲ ಕಣೇ."

"ಹೌದೌದು, ತುಂಬಾ ಎತ್ತರ," ಅಂದು ಅವಳು ಸಲಿಕೆ ಹೆಗಲಿಗೇರಿಸಿ ಮುಂದೆ ಹೋದಳು. ಅವಳ ಕೊಟ್ಟಿಗೆಯಲ್ಲಿ ಒಳ್ಳೆಯದೊಂದು ಏಣಿಯಿದೆ. ಅದರ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.