ಮುಗಿಯಬಾರದ ಸೈಕಲ್ಲು

ಹೊಲಿಗೆ ಯಂತ್ರದ ಪೆಡಲು ಬಿರುಕು ಬಿಟ್ಟಿತ್ತು. ಅದಕ್ಕೊಂದು ಹಳೆಯದು ಸಿಕ್ಕೀತೇ ಎಂದು ಟೈಲರಮ್ಮ ಗುಜರಿ ಅಂಗಡಿಗೆ ಹೋದಳು. ಪೆಡಲು ಸಿಗಲಿಲ್ಲ, ಒಂದು ರೇಸ್ ಸೈಕಲ್ಲು ಕಣ್ಣಿಗೆ ಬಿತ್ತು. ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಸುತ್ತಿಕೊಂಡ ಹ್ಯಾಂಡಲ್ಲು, ಚರ್ಮ ಬಿರಿದ ಸೀಟು, ತುಕ್ಕಿನ ನಡುವೆ ಅಲ್ಲಲ್ಲಿ ಇಣುಕುವ ನೀಲಿ ಬಣ್ಣ. ಟೈರುಗಳಿರಲಿಲ್ಲ, ಬರೀ ರಿಮ್ಮು. ಗುಜರಿಯವನು ಅದರ ಮೇಲೆ ತನ್ನ ಒದ್ದೆ ಅಂಗಿ ಒಣಹಾಕಿದ್ದ. ಅವಳು ಬೆಲೆ ಕೇಳಿದಾಗ ಅಂಗಿ ತೆಗೆದು ಹೆಗಲಿಗೆ ಹಾಕಿಕೊಂಡು, ಇದು ಮನುಷ್ಯರನ್ನ ಹೊರೋ ಕಾಲ ಮುಗೀತಕ್ಕ, ಇನ್ನು ಮನುಷ್ಯರೇ ಇದನ್ನ ಹೊರಬೇಕು ಎಂದು ನಕ್ಕ. ಹಳೇ ಕಬ್ಬಿಣದ ತೂಕದ ಲೆಕ್ಕದಲ್ಲಿ ಕೊಟ್ಟ. ಅವನ ಮಾತಿನಂತೆ ಅವಳು ಅದನ್ನು ಹೊತ್ತುಕೊಂಡೇ ಮನೆಗೆ ಬಂದಳು.

ಅವಳಿಗೆ ಬೇಕಾಗಿದ್ದದ್ದು ಸೈಕಲ್ಲಲ್ಲ, ಗಂಡನ ಕೈಗೊಂದು ಕೆಲಸ.

ಗಂಡ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಅಲ್ಲಿ ಅವನ ಬಗ್ಗೆ ಒಂದು ಮಾತಿತ್ತು: ಅವನು ಬಿಗಿ ಮಾಡಿದ ನಟ್ಟನ್ನು ಅವನೇ ಬಂದು ಬಿಚ್ಚಬೇಕು. ಅರವತ್ತು ತುಂಬುವ ಮೊದಲೇ ಮರೆವು ಹಿಡಿಯಿತು. ಮೊದಮೊದಲು ಕನ್ನಡಕ, ಚೀಲ, ಕೊಡೆ. ಆಮೇಲೆ ದಾರಿ. ಆಮೇಲೆ ತಾನು ಯಾವ ವರ್ಷದಲ್ಲಿದ್ದೇನೆ ಎಂಬುದೇ. ಕಾರ್ಖಾನೆಯವರು ಗೌರವದಿಂದಲೇ ಮನೆಗೆ ಕಳಿಸಿದರು. ಆದರೆ ಅವನಿಗೆ ಅದೂ ಮರೆತುಹೋಗಿ, ಬೆಳಗಾದರೆ ಅಂಗಿ ತೊಟ್ಟು ಡ್ಯೂಟಿಗೆ ಹೊರಡುತ್ತಿದ್ದ. ಗೇಟಿನ ಹೊಸ ಕಾವಲುಗಾರನಿಗೆ ಅವನ ಗುರುತಿಲ್ಲ. ಒಂದು ಸಲ ಜಗಳವಾಗಿ, ಕತ್ತುಪಟ್ಟಿ ಹರಿದು ಬಂದಿತ್ತು. ಇನ್ನೊಂದು ಸಲ ಹೆದ್ದಾರಿಯ ನಟ್ಟನಡುವೆ ನಿಂತವನನ್ನು ಲಾರಿ ಡ್ರೈವರೊಬ್ಬ ಇಳಿದು ಬಂದು, ಕೈ ಹಿಡಿದು ಪಕ್ಕಕ್ಕೆ ಕರೆತಂದಿದ್ದ. ಅಂದಿನಿಂದ ಅವಳು ಬಾಗಿಲಿಗೆ ಬೀಗ ಹಾಕತೊಡಗಿದಳು. ಅವನು ಬಾಗಿಲು ಬಡಿಯುವ ಸದ್ದಿನಲ್ಲೇ ಶಾಲಾ ಸಮವಸ್ತ್ರಗಳನ್ನು ಹೊಲಿಯುತ್ತಿದ್ದಳು. ಕೈಗೆ ಏನಾದರೂ ಕೆಲಸ ಕೊಡಿ, ಮನಸ್ಸು ನಿಲ್ಲುತ್ತೆ ಎಂದು ಡಾಕ್ಟರು ಹೇಳಿದ್ದರು. ತೊಗರಿ ಬೇಳೆ, ಹೆಸರು ಬೇಳೆ ಬೆರೆಸಿ ಆರಿಸಲು ಕೊಟ್ಟರೆ ಅವನು ಮೊರವನ್ನೇ ಎಸೆದಿದ್ದ.

ಸೈಕಲ್ಲು ಕಂಡಾಗ ಹಾಗೆ ಮಾಡಲಿಲ್ಲ. ಹಿಂದಿನ ಕೋಣೆಯ ಸಿಮೆಂಟು ನೆಲದ ಮೇಲೆ ಅದನ್ನು ತಲೆಕೆಳಗಾಗಿ ನಿಲ್ಲಿಸಿ, ಹಿಂದಿನ ಚಕ್ರ ತಿರುಗಿಸಿ, ಬಾಗಿ ಕಿವಿ ಕೊಟ್ಟ. 

"ಒಳಗೆ ಬೇರಿಂಗಿನ ಬಾಲ್ಸು ಪುಡಿಯಾಗಿದೆ," ಅಂದ. "ಸೀಮೆಎಣ್ಣೆ ತಗೊಂಡು ಬಾ. ಹಳೇ ಬಟ್ಟೆನೂ."

ಮೊಮ್ಮಗುವಿನ ಹೆಸರು ನೆನಪಿಲ್ಲದ ಬಾಯಲ್ಲಿ ಫ್ರೀವೀಲು, ಕೋನು, ವಾಷರು ಎಂದು ಒಂದೊಂದರ ಹೆಸರೂ ತಪ್ಪದೆ ಬಂತು. ಟೈಲರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು.

ಆಮೇಲಿನ ದಿನಗಳು ಚೆನ್ನಾಗಿದ್ದವು. ಅವನು ಪ್ರತಿ ಭಾಗವನ್ನೂ ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ಹಳೇ ಚಾದರದ ಮೇಲೆ ಸಾಲಾಗಿ ಜೋಡಿಸಿದ. ಸೀಮೆಎಣ್ಣೆಯಲ್ಲಿ ನೆನೆಸಿದ, ಉಪ್ಪುಕಾಗದದಲ್ಲಿ ಉಜ್ಜಿದ, ಗ್ರೀಸು ತುಂಬಿದ. ಮಗಳು ಭಾನುವಾರ ಬರುವಾಗ ಟೈರು, ಟ್ಯೂಬು, ಬ್ರೇಕಿನ ವೈರು ತಂದುಕೊಟ್ಟಳು. ಡೊಂಕಾದ ರಿಮ್ಮನ್ನು ನೆಟ್ಟಗೆ ಮಾಡಲು ಅವನು ಒಂದೊಂದೇ ಕಡ್ಡಿಯನ್ನು ಕೂದಲೆಳೆಯಷ್ಟು ಎಳೆದು, ಚಕ್ರ ತಿರುಗಿಸಿ ನೋಡಿ, ಮತ್ತೆ ಎಳೆಯುತ್ತಿದ್ದ. ಬಾಗಿಲು ಬಡಿಯುವುದು ನಿಂತಿತು. ಉಣ್ಣಲು ಕರೆದರೆ ಈಗ ಬಂದೆ ಅನ್ನುತ್ತಿದ್ದ, ಮದುವೆಯಾದ ಹೊಸತರಲ್ಲಿ ಅನ್ನುತ್ತಿದ್ದ ಹಾಗೆಯೇ.

ಎಲ್ಲಾ ಸರಿಹೋಗುತ್ತಿದೆ ಅನ್ನುವಾಗಲೇ ಸೈಕಲ್ಲೂ ಸರಿಹೋಯಿತು. ಒಂದು ಮಧ್ಯಾಹ್ನ ಅವನು ಅದನ್ನು ನೆಟ್ಟಗೆ ನಿಲ್ಲಿಸಿ, ಚಕ್ರಕ್ಕೆ ಗಾಳಿ ತುಂಬಿ, ಕೈ ಒರೆಸಿಕೊಂಡ.

"ನಾಳೆಯಿಂದ ಡ್ಯೂಟಿಗೆ ಇದರಲ್ಲೇ ಹೋಗ್ತೀನಿ. ಬಸ್ಸಿನ ಕಾಟ ತಪ್ಪಿತು."

ಕಾಲ್ನಡಿಗೆಯಲ್ಲೇ ಹೆದ್ದಾರಿ ಮುಟ್ಟಿದವನು ಸೈಕಲ್ಲಿನಲ್ಲಿ ಎಲ್ಲಿ ಮುಟ್ಟಿಯಾನು? ಬಚ್ಚಿಡೋಣವೆಂದರೆ ಮನೆಯನ್ನೇ ತಲೆಕೆಳಗು ಮಾಡುತ್ತಾನೆ. ಅವನು ಉಂಡು ಮಲಗಿದ ಮೇಲೆ ಅವಳು ಹಿಂದಿನ ಕೋಣೆಗೆ ಹೋಗಿ, ಅವನದೇ ಸ್ಪ್ಯಾನರು ಹಿಡಿದು, ಅದರ ಹಿಡಿಯನ್ನು ಪಾದದಿಂದ ತುಳಿದು, ಮುಂದಿನ ಚಕ್ರದ ನಟ್ಟು ಸಡಿಲಿಸಿದಳು. ಬ್ರೇಕಿನ ವೈರು ಕಳಚಿದಳು. ಕೆಲವು ಕಡ್ಡಿಗಳನ್ನೂ ತಿರುಗಿಸಿ ಬಿಟ್ಟಳು. ಹೊಲಿಯುವವಳಿಗೆ ಬಿಚ್ಚುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಎದ್ದು ಬಂದವನು ಚಕ್ರ ನೋಡಿ ಗೊಣಗಿದ. ಬೈದುಕೊಂಡೇ ಕೂತು ಸರಿಮಾಡಿದ. ಡ್ಯೂಟಿಯ ಮಾತೇ ಎತ್ತಲಿಲ್ಲ. ಅಂದಿನಿಂದ ಅದೇ ನಡೆಯಿತು. ಸೈಕಲ್ಲು ಮುಗಿಯುವ ಲಕ್ಷಣ ಕಂಡೊಡನೆ, ಅವನು ಮಧ್ಯಾಹ್ನ ಕಣ್ಣು ಮುಚ್ಚಿದಾಗ ಅವಳು ಒಂದಿಷ್ಟು ಬಿಚ್ಚುವಳು. ಸಂಜೆ ಅವನು ಕಟ್ಟುವನು. ಮಗಳಿಗೆ ಹೇಳಿದಾಗ ಅವಳು ಮೊದಲು ನಕ್ಕಳು. ನಗು ನಿಂತ ಮೇಲೆ, ಅಪ್ಪನಿಗೆ ಇದು ಗೊತ್ತಾಗಲ್ವಾ ಎಂದು ಕೇಳಿದಳು. ನಾನು ಯಾರು ಅಂತಲೇ ಒಂದೊಂದು ದಿನ ಗೊತ್ತಾಗಲ್ಲ, ಇದು ಗೊತ್ತಾಗುತ್ತಾ ಎಂದಳು ತಾಯಿ.

ಅಲ್ಲೇ ಅವಳು ತಪ್ಪಿದ್ದು. ಅವನ ತಲೆ ಮರೆಯುತ್ತಿತ್ತು. ಕೈ ಮರೆಯುತ್ತಿರಲಿಲ್ಲ.

ಬೇಸಿಗೆ ಹತ್ತಿರವಾದಂತೆ ಅವನು ಒಂದೇ ನಟ್ಟನ್ನು ಮತ್ತೆ ಮತ್ತೆ ಮುಟ್ಟಿ ನೋಡತೊಡಗಿದ. ಬಿಗಿ ಮಾಡಿ, ಎದ್ದು ಹೋಗಿ, ಬಾಗಿಲಿನಿಂದಲೇ ತಿರುಗಿ ಬಂದು ಮತ್ತೆ ಬಿಗಿ ಮಾಡುವನು. ನಾನಿದನ್ನ ಟೈಟ್ ಮಾಡಿರಲಿಲ್ವಾ ಎಂದು ಅವಳನ್ನು ಕೇಳುವನು. ಅವಳು ಬಟ್ಟೆಯ ಮೇಲಿಂದ ಕಣ್ಣೆತ್ತದೆ, ನೋಡಿಲ್ಲಪ್ಪ ಅನ್ನುವಳು. ಒಂದು ದಿನ ಹಲ್ಲು ಕಚ್ಚಿ ಎಷ್ಟು ಬಿಗಿ ಮಾಡಿದನೆಂದರೆ ಬೋಲ್ಟಿನ ತಲೆಯೇ ಕಳಚಿ ನೆಲಕ್ಕೆ ಬಿತ್ತು. ಅವನು ಆ ತುಂಡನ್ನು ಅಂಗೈಯಲ್ಲಿಟ್ಟುಕೊಂಡು, ಸತ್ತ ಹಕ್ಕಿಮರಿಯನ್ನು ನೋಡುವ ಹಾಗೆ ನೋಡುತ್ತ ಕೂತ. ನಲವತ್ತು ವರ್ಷದ ಚಾಕರಿಯಲ್ಲಿ ಅವನ ಕೈಯಲ್ಲಿ ಬೋಲ್ಟು ತುಂಡಾದದ್ದು ಅವಳು ಕೇಳಿರಲಿಲ್ಲ.

ಸ್ಪ್ಯಾನರನ್ನು ಚಾದರದ ಮೇಲೆ ಮೆಲ್ಲಗೆ ಇಟ್ಟ.

"ಕೈ ಹೋಯ್ತು ಕಣೇ," ಅಂದ. "ತಲೆ ಹೋಗಿದ್ದು ಗೊತ್ತಿತ್ತು. ಕೈ ಇದೆ ಅಂದ್ಕೊಂಡಿದ್ದೆ."

ಆಮೇಲೆ ಅವನು ಸೈಕಲ್ಲು ಮುಟ್ಟಲಿಲ್ಲ. ಸೈಕಲ್ಲೇನು, ಏನನ್ನೂ ಮುಟ್ಟಲಿಲ್ಲ. ಮಂಚದ ಅಂಚಿನಲ್ಲಿ ಕೂತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಅಡಗಿಸಿಟ್ಟುಕೊಂಡ. ಅಂಗಿಯ ಗುಂಡಿ ಅವಳೇ ಹಾಕಬೇಕಾಯಿತು. ತಟ್ಟೆ ಮುಂದಿಟ್ಟರೆ ಚೆಲ್ಲುತ್ತೇನೆ ಎಂದು ಕೈ ತೆಗೆಯಲೊಲ್ಲ. ಡಾಕ್ಟರು ಅವನ ಬೆರಳುಗಳನ್ನು ಮಡಚಿ, ಬಿಚ್ಚಿ ನೋಡಿ, ಕೈಯಲ್ಲಿ ದೋಷವೇನಿಲ್ಲ ಎಂದರು. ಅದು ಅವಳಿಗೆ ಹೇಳದೆಯೇ ಗೊತ್ತಿತ್ತು.

ಒಂದು ಬೆಳಗ್ಗೆ ಅವಳಿಗೆ ತಡೆಯಲಾಗಲಿಲ್ಲ. ಯಂತ್ರ ನಿಲ್ಲಿಸಿ, ಅವನ ಎದುರು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು.

"ನಿಮ್ಮ ಕೈಗೇನೂ ಆಗಿಲ್ಲರೀ. ಬಿಚ್ತಾ ಇದ್ದಿದ್ದು ನಾನು. ನೀವು ಮಲಗಿದಾಗ."

ಅವನು ಕೈಗಳನ್ನು ತೊಡೆಯ ಕೆಳಗಿನಿಂದ ತೆಗೆದು ನೋಡಿಕೊಂಡ. ಯಾಕೆ ಎಂದ. ನೀವು ಹೊರಟುಬಿಡ್ತೀರಿ ಅಂತ, ಲಾರಿಗೆ ಸಿಕ್ಕಿಬಿಡ್ತೀರಿ ಅಂತ ಎಂದಳು. ಅವನ ಮುಖ ಕೆಂಪೇರಿತು. ಮೂವತ್ತು ವರ್ಷದ ಹಿಂದಿನ ಗಂಡ ಎದ್ದು ಬಂದವನಂತೆ ಬೈದ: ಹೆಂಗಸರಿಗೆ ಸ್ಪ್ಯಾನರು ಕೊಟ್ಟರೆ ಹೀಗೇ ಆಗೋದು, ಕಡ್ಡಿಗಳನ್ನೆಲ್ಲ ಹಾಳು ಮಾಡಿಟ್ಟಿದ್ದೀಯ, ನಿನ್ನ ಮಿಶನ್ನಿನ ಸೂಜಿ ನಾನು ಬಗ್ಗಿಸಿದ್ದರೆ ನೀನು ಸುಮ್ಮನಿರ್ತಿದ್ದೆಯಾ ಎಂದ. ಅವಳು ಅಳುತ್ತಲೇ ನಕ್ಕಳು. ಎಷ್ಟು ಬೈದರೂ ಬೈಯಲಿ, ಮಳೆಯಂತೆ ಸುರಿಯಲಿ ಎನಿಸಿತು. ಮಧ್ಯಾಹ್ನ ಅವನು ತನ್ನ ಕೈಯಾರೆ ಕಲಸಿ ಉಂಡ. ಒಂದು ಅಗುಳೂ ಚೆಲ್ಲಲಿಲ್ಲ.

ಉಂಡು ಮಲಗಿದ. ಎದ್ದು ಮಂಚದ ಅಂಚಿಗೆ ಬಂದು ಕೂತ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ.

ಅವಳು ಮತ್ತೆ ಹೇಳಿದಳು. ಮರುದಿನವೂ ಹೇಳಿದಳು. ಹೇಳಿದ್ದು ಅವನ ತಲೆಯಲ್ಲಿ ಉಳಿಯುತ್ತಿರಲಿಲ್ಲ, ಅವಮಾನ ಮಾತ್ರ ಉಳಿಯುತ್ತಿತ್ತು. ಬರಬರುತ್ತ ಅವನಿಗೆ ಸಿಟ್ಟೂ ಬಾರದಾಯಿತು. ಒಂದು ದಿನ ಅವಳ ಮಾತು ಪೂರ್ತಿ ಕೇಳಿ, ತಲೆಯಾಡಿಸಿ, "ನೀನು ಒಳ್ಳೆಯವಳು. ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ತಿದೀಯ," ಅಂದ.

ಸಾಕ್ಷಿ ಬೇಕು ಅನ್ನಿಸಿ ಅವಳು ಮಗಳನ್ನು ಕರೆಸಿದಳು. ಇಬ್ಬರೂ ಸೇರಿ ಅವನನ್ನು ಹಿಂದಿನ ಕೋಣೆಗೆ ಕರೆದೊಯ್ದು, ಬಲವಂತ ಮಾಡಿ ಸ್ಪ್ಯಾನರು ಹಿಡಿಸಿದರು. ಅವನು ಹಿಂದಿನ ಚಕ್ರದ ನಟ್ಟೊಂದನ್ನು ಬಿಗಿ ಮಾಡಿದ. ಕೈ ಎಷ್ಟು ಬೇಕೋ ಅಷ್ಟೇ ತಿರುಗಿ, ತಾನಾಗಿ ನಿಂತಿತು. ಯಾರೂ ಮುಟ್ಟದಂತೆ ಮಗಳು ಕೋಣೆಯ ಬಾಗಿಲು ಹಾಕಿ, ರಾತ್ರಿ ಅಲ್ಲೇ ಉಳಿದಳು. ಬೆಳಗ್ಗೆ ಅವನನ್ನು ಕರೆತಂದು, ನೋಡಪ್ಪ, ಮುಟ್ಟಿ ನೋಡು, ಸಡಿಲವಾಗಿದೆಯಾ ಎಂದಳು. ಅವನು ಹಿಂಜರಿಯುತ್ತ ಬೆರಳ ತುದಿಯಿಂದ ನಟ್ಟನ್ನು ಅಲ್ಲಾಡಿಸಿ ನೋಡಿದ. ಅದು ಕದಲಲಿಲ್ಲ.

"ಇದನ್ನ ಯಾರು ಮಾಡಿದ್ದು?" ಅಂದ. "ಒಳ್ಳೇ ಕೆಲಸಗಾರ."

ನೀನೇ ಅಪ್ಪ, ನಿನ್ನೆ ನೀನೇ ಎಂದು ಮಗಳು ಅವನ ಭುಜ ಹಿಡಿದಳು. ಅವನು ಸಂಕೋಚದಿಂದ ನಕ್ಕು, ಕೈಗಳನ್ನು ಕಂಕುಳಲ್ಲಿ ಸೇರಿಸಿಕೊಂಡ. ಮಗಳು ಅಂದು ಹೋಗುವಾಗ ಸೈಕಲ್ಲನ್ನು ತಳ್ಳಿಕೊಂಡು ಹೋದಳು. ಯಾರಿಗೆ ಕೊಟ್ಟಳೆಂದು ತಾಯಿ ಕೇಳಲಿಲ್ಲ.

ಮಳೆಗಾಲದ ಹೊತ್ತಿಗೆ ಅವನಿಗೆ ಹೆಂಡತಿಯ ಗುರುತು ಸಂಪೂರ್ಣ ಅಳಿಸಿತ್ತು. ಮನೆಯಲ್ಲಿ ಹೊಲಿಯುವ ಯಾರೋ ಹೆಂಗಸು ಎಂದು ತಿಳಿದು ತಾಯಿ ಎಂದು ಕರೆಯುತ್ತಿದ್ದ. ಆದರೂ ಅವಳು ಉಣಿಸುವ ಹೊತ್ತಿಗೆ ದಿನವೂ ಒಮ್ಮೆ ಹೇಳುತ್ತಿದ್ದಳು. ಔಷಧಿ ಕೊಡುವ ಹಾಗೆ ಅದೊಂದು ಅಭ್ಯಾಸವಾಗಿತ್ತು. ನಿಮ್ಮ ಕೈ, ನಿಮ್ಮ ಸೈಕಲ್ಲು ಎಂದರೆ ಅವನು ಗಾಬರಿಯಾಗುತ್ತಾನೆಂದು, ಈಚೆಗೆ ಬೇರೆ ಯಾರದೋ ಕತೆ ಎಂಬಂತೆ ಹೇಳುತ್ತಿದ್ದಳು: ನನ್ನ ಗಂಡ ಒಂದು ಸೈಕಲ್ಲು ಕಟ್ಟುತ್ತಿದ್ದರು, ನಾನು ಕದ್ದು ಬಿಚ್ಚುತ್ತಿದ್ದೆ, ತನ್ನ ಕೈ ಹೋಯಿತು ಎಂದೇ ಅವರು ತಿಳಿದುಬಿಟ್ಟರು.

ಅಂದು ಅವನು ಗಮನವಿಟ್ಟು ಕೇಳಿದ. ತುತ್ತು ಬಾಯಲ್ಲೇ ಇತ್ತು. ನುಂಗಿ, ಅವಳ ಮುಖ ನೋಡಿದ.

"ಅಳಬೇಡಿ ತಾಯಿ. ಹೋಗಿ ಅವನ ಹತ್ರ ಹೇಳಿಬಿಡಿ. ಕೆಲಸ ಗೊತ್ತಿರೋನು ಅಂದ್ರೆ ಅರ್ಥ ಮಾಡ್ಕೋತಾನೆ."

"ಹೇಳಿದೆ," ಅಂದಳು ಅವಳು.

"ಏನಂದ?"

ಅವಳು ತಟ್ಟೆಯಲ್ಲಿ ಉಳಿದದ್ದನ್ನು ಒಂದು ಪಕ್ಕಕ್ಕೆ ಸೇರಿಸಿ ತುತ್ತು ಮಾಡಿದಳು. ಅವನು ಇನ್ನೂ ಉತ್ತರಕ್ಕೆ ಕಾಯುತ್ತ ಬಾಯಿ ತೆರೆದ.