ಬಳೆಯಷ್ಟು ಬೆಳಕು

ಕುಸುಮ ಪೇಟೆಯಲ್ಲಿ ಕುರುಡಿಯಂತೆ ನಟಿಸುತ್ತಾಳೆಂದು ಅವಳ ಗಂಡ ಭೋಜರಾಜ ನಂಬಿದ್ದ. ನಿಜವಾಗಿ ಅವಳು ನಟಿಸುತ್ತಿದ್ದುದು ಮನೆಯಲ್ಲಿ.

ಕಳೆದ ಚೌತಿಯಿಂದೀಚೆಗೆ ಅವಳ ನೋಟ ಅಂಚುಗಳಿಂದ ಒಳಕ್ಕೆ ಮುಚ್ಚಿಕೊಳ್ಳುತ್ತ ಬಂದಿತ್ತು. ಕೈಬಳೆಯನ್ನು ಕಣ್ಣಿಗೆ ಹಿಡಿದು ನೋಡಿದರೆ ಎಷ್ಟು ಕಾಣುವುದೋ ಅಷ್ಟೇ ಜಗತ್ತು ಉಳಿದಿತ್ತು; ಅದರಾಚೆ ಬೂದುಬಣ್ಣದ, ಹತ್ತಿಯಂತೆ ಮೆತ್ತಗಿನ ಶೂನ್ಯ. ಹೊತ್ತು ಇಳಿದಂತೆ ಬಳೆ ಉಂಗುರವಾಗುತ್ತಿತ್ತು. ಮುಲ್ಕಿಯ ಮೋಹಿನಿ ಚಿಕ್ಕಮ್ಮನಿಗೂ ಹೀಗೆಯೇ ಆರಂಭವಾದದ್ದು. ವಿಷಯ ತಿಳಿದ ವಾರದಲ್ಲೇ ಚಿಕ್ಕಪ್ಪ ಅವರನ್ನು ಮುಂಬಯಿಯಿಂದ ತವರಿಗೆ ತಂದು ಬಿಟ್ಟುಹೋದರು, ಮತ್ತೆ ಕರೆಸಿಕೊಳ್ಳಲಿಲ್ಲ. ಭೋಜರಾಜನಿಗೆ ಗೊತ್ತಾದರೆ ತನಗೂ ಮಸ್ಕತ್ತಿನಿಂದ ಅದೇ ಗತಿ ಎಂದು ಕುಸುಮ ಹೆದರಿದ್ದಳು. ಆದ್ದರಿಂದ ಮನೆಯಲ್ಲಿ ಎಲ್ಲವೂ ಕಾಣುವವಳಂತೆ ನಡೆದಾಡುತ್ತಿದ್ದಳು.

ಆಗ ಬಂದದ್ದು ನಾಯಿ. ಭೋಜರಾಜನ ಕಂಪನಿಯ ಇಂಗ್ಲಿಷ್ ಇಂಜಿನಿಯರೊಬ್ಬರು ತಮ್ಮ ದೇಶಕ್ಕೆ ಮರಳುವಾಗ ಬಿಟ್ಟುಹೋದ ಕಂದು ಬಣ್ಣದ ರಸ್ಟಿ. ಒಂಟಿಯಾಗಿ ಬಿಟ್ಟರೆ ಕಟ್ಟಡವೆಲ್ಲ ಕೇಳುವಂತೆ ಊಳಿಡುತ್ತಿತ್ತು. ಜೊತೆಗೆ ಕರೆದೊಯ್ದರೆ ಅಂಗಡಿಗಳ ಬಾಗಿಲಲ್ಲೇ ತಡೆ. ಇಂಜಿನಿಯರು ಬಿಟ್ಟ ಪತ್ರಿಕೆಯೊಂದರಲ್ಲಿ, ಅಂಧರನ್ನು ದಾರಿ ನಡೆಸುವ ನಾಯಿಯ ಚಿತ್ರ ಕಂಡ ಭೋಜರಾಜ ಕಾರಿನ ಹಳೆಯ ಸೀಟ್ ಬೆಲ್ಟಿನಿಂದ ಅಂಥದೇ ಪಟ್ಟಿ ಹೊಲಿಸಿ ತಂದ.

"ನೀನೊಂದು ಕಪ್ಪು ಕನ್ನಡಕ ಹಾಕು ಮಾರಾಯ್ತಿ. ಉಳಿದದ್ದು ನಾನು ನೋಡಿಕೊಳ್ತೇನೆ."

"ಸಿಕ್ಕಿಬಿದ್ದರೆ?"

"ಶಾಲೆಯ ನಾಟಕದಲ್ಲಿ ಪ್ರೈಜ್ ತಗೊಂಡವಳಿಗೆ ಇದೆಂತ ಕಷ್ಟ?"

ಕಾವಲುಗಾರರು ತಾವಾಗಿ ಬಾಗಿಲು ತೆರೆದರು. ಜನ ಸರಿದು ದಾರಿಬಿಟ್ಟರು. ಕುಸುಮಳಿಗೆ ಅದು ವಿಚಿತ್ರವಾದ ಬಿಡುಗಡೆ. ಕನ್ನಡಕ ಏರಿಸಿದ ಮೇಲೆ ಎಡವಬಹುದು, ತಡವರಿಸಬಹುದು, ಗೋಡೆ ಮುಟ್ಟಿ ನಡೆಯಬಹುದು. ಮನೆಯ ನಾಟಕದ ದಣಿವನ್ನು ಅವಳು ಪೇಟೆಯಲ್ಲಿ ಕಳೆದುಕೊಳ್ಳುತ್ತಿದ್ದಳು.

ತೊಂಬತ್ತೊಂಬತ್ತರ ಚಳಿಗಾಲದ ಆ ಸಂಜೆ ಅಲ್ ಮವಾಲೇಹ್ ತರಕಾರಿ ಮಾರುಕಟ್ಟೆ ನೀರಿನಡಿಯ ಊರಿನಂತಿತ್ತು. ಸೊಪ್ಪಿಗೆ ಚಿಮುಕಿಸಿದ ನೀರು ದೀಪಗಳ ಕೆಳಗೆ ಮಂಜಾಗಿ ನಿಂತಿತ್ತು. ಒಡೆದ ದಾಳಿಂಬೆ, ಬಿಳಿಯ ನಿಲುವಂಗಿ, ಯಾರದೋ ಗಡ್ಡ, ಒಂದೊಂದೇ ಅವಳ ಬಳೆಯೊಳಕ್ಕೆ ತೇಲಿ ಬಂದು, ಗುರುತಿಸುವಷ್ಟರಲ್ಲಿ ಕರಗುತ್ತಿದ್ದವು. ಎಲ್ಲಿಂದಲೋ ಲೋಬಾನದ ಹೊಗೆ.

"ಇಲ್ಲಿ ಮೆಟ್ಟಿಲು," ಎಂದು ಭೋಜರಾಜ ರಂಗಸ್ಥಳದ ಗಂಟಲಿನಲ್ಲಿ ಸಾರಿದ. ಆಮೇಲೆ ತುಳುವಿನಲ್ಲಿ, ನಗು ತಡೆಯದೆ: "ಭಾರೀ ನಾಟಕ ಮಾಡ್ತಿ ನೀನು! ಕಣ್ಣು ಸರಿ ಉಂಟು ಅಂತ ಯಾರೂ ಹೇಳ್ಲಿಕ್ಕಿಲ್ಲ."

"ಮೆಲ್ಲ ಮಾತಾಡಿ."

"ಇಲ್ಲಿ ತುಳು ಯಾರಿಗೆ ಅರ್ಥ ಆಗ್ತದೆ?"

ಎಡಗಡೆ ನಿಂಬೆಹಣ್ಣಿನ ರಾಶಿಯ ಹಿಂದೆ ಕುಳಿತಿದ್ದ ಉಮರಬ್ಬನಿಗೆ ಪ್ರತಿಯೊಂದು ಪದವೂ ಅರ್ಥವಾಗಿತ್ತು. ಅವನು ಉಪ್ಪಿನಂಗಡಿಯ ಬ್ಯಾರಿ; ಊರಿನ ಪೇಟೆಯಲ್ಲಿ ತುಳುವಿನಲ್ಲೇ ವ್ಯಾಪಾರ ಕಲಿತವನು. ನಾಯಿ ಒಳಬಂದಾಗ, ಕಾಣದ ಹೆಂಗಸೆಂಬ ಕನಿಕರದಿಂದ ತನ್ನ ಬುಟ್ಟಿಗಳನ್ನು ಸರಿಸಿ ಜಾಗ ಕೊಟ್ಟವನೂ ಅವನೇ. ಈಗ ಅವನು ಸದ್ದಿಲ್ಲದೆ ಎದ್ದು, ಒಂದು ನಿಂಬೆಹಣ್ಣನ್ನು ಕೈಗೆ ತೆಗೆದುಕೊಂಡು, ಅವಳತ್ತ ಗುರಿಯಿಟ್ಟ.

ಭೋಜರಾಜ ಅದನ್ನು ಕಂಡ. ಎಚ್ಚರಿಸಲು ಬಾಯಿ ತೆರೆದ. ಆದರೆ ಕೂಗಿದರೆ ಗುಟ್ಟು ರಟ್ಟಾಗುತ್ತದೆ. ಕೂಗದಿದ್ದರೂ ಅವಳು ಬೆಚ್ಚಿ ತಲೆ ತಿರುಗಿಸುತ್ತಾಳೆ, ಆಗಲೂ ರಟ್ಟಾಗುತ್ತದೆ. ಹಣ್ಣು ಪುಟ್ಟ ಹಳದಿ ದೀಪದಂತೆ ಮಂಜಿನೊಳಗೆ ತೇಲಿ ಬಂತು. ನಾಲ್ಕು ಹೆಜ್ಜೆ ಆಚೆ ನಿಂತಿದ್ದ ಭೋಜರಾಜನ ಕಣ್ಣುಗಳೇ ತಾವಾಗಿ ಮುಚ್ಚಿಕೊಂಡವು.

ಕುಸುಮಳ ಎಡಗೆನ್ನೆಗೆ ಏನೋ ತಣ್ಣಗೆ ಬಡಿಯಿತು. ಅಲ್ಲಿಯವರೆಗೂ ಅವಳು ಮುಗುಳ್ನಗುತ್ತಲೇ ಇದ್ದಳು.

ರಸ್ಟಿ ಅವಳ ಕೈಯಿಂದ ಪಟ್ಟಿ ಕಿತ್ತುಕೊಂಡು, ಚೆಂಡೆಂದು ಬಗೆದು ಹಣ್ಣಿನ ಹಿಂದೆ ಓಡಿತು. ಹಿಡಿಯಲು ಏನೂ ಇಲ್ಲದೆ ಅವಳು ನಿಂತುಬಿಟ್ಟಳು. ಭೋಜರಾಜ ಹತ್ತಿರ ಬಂದು, ಮಾತಿಲ್ಲದೆ ಕೈ ಚಾಚಿದ. ಅವಳ ಬೆರಳುಗಳು ಆ ಕೈಯ ಪಕ್ಕದ ಖಾಲಿ ಗಾಳಿಯನ್ನು ತಡವಿದವು.

"ಅಣ್ಣಾ," ಉಮರಬ್ಬ ತುಳುವಿನಲ್ಲೇ ಮೆಲ್ಲನೆ ಹೇಳಿದ, "ನಿಮ್ಮ ನಾಯಿ ಸುಳ್ಳು. ಅಕ್ಕನ ಕಣ್ಣು ಸುಳ್ಳಲ್ಲ." ತನ್ನ ಸ್ಟೂಲನ್ನು ಅವಳ ಕಾಲಿಗೆ ತಾಗುವಂತೆ ಇಟ್ಟ. "ನೋವಾಯ್ತಾ ಅಕ್ಕ? ನನ್ನಿಂದ ತಪ್ಪಾಯ್ತು."

ಭೋಜರಾಜ ಅವಳೆದುರು ಕುಕ್ಕರುಗಾಲಿನಲ್ಲಿ ಕುಳಿತ.

"ಯಾವಾಗಿಂದ?"

"ಚೌತಿಯಿಂದ."

"ಮೊನ್ನೆ ಬಾಗಿಲ ಹತ್ರ ಹಾಲು ಚೆಲ್ಲಿದ್ದು?"

"ಹೊಸ್ತಿಲು ಕಾಣ್ಲಿಲ್ಲ."

"ನಾನು ಬೈದೆ."

"ತುಂಬಾ ಬೈದಿರಿ."

"ಎಷ್ಟು ಕಾಣ್ತದೆ, ಹೇಳು."

ಕುಸುಮ ಚಿನ್ನದ ಬಳೆ ಕಳಚಿ, ಅವನ ಮುಖ ತಡವಿ, ಕಣ್ಣಿಗೆ ಹಿಡಿದಳು. ಇನ್ನೊಂದು ಕಣ್ಣನ್ನು ಅಂಗೈಯಿಂದ ಮುಚ್ಚಿದಳು. ಅವನು ನೋಡಿದ. ಮುಸ್ಸಂಜೆಯ ಮಗ್ರಿಬ್ ನಮಾಜಿನ ಬಾಂಗು ಆರಂಭವಾಗಿ, ಮಾರುಕಟ್ಟೆಯ ಮೇಲೆ ಹರಡಿ, ಮುಗಿಯಿತು. ಅವನಿನ್ನೂ ನೋಡುತ್ತಲೇ ಇದ್ದ.

"ಇಷ್ಟೇಯಾ?"

"ಈ ಹೊತ್ತಿಗೆ ಇಷ್ಟೂ ಇಲ್ಲ." ಅವಳ ಸ್ವರ ಸಣ್ಣದಾಯಿತು. "ನನ್ನನ್ನು ಊರಿಗೆ ಕಳಿಸ್ತೀರಿ, ಅಲ್ವಾ?"

"ಹೌದು."

ದೀಪಗಳೆಲ್ಲ ಒಟ್ಟಿಗೆ ಆರಿದಂತೆ ಅವಳಿಗೆ ಅನ್ನಿಸಿತು.

"ನಾನೂ ಬರ್ತೇನೆ," ಎಂದ ಭೋಜರಾಜ. "ಮಂಗಳೂರಲ್ಲಿ ಡಾಕ್ಟ್ರಿಗೆ ತೋರಿಸುವ, ಒಟ್ಟಿಗೇ ವಾಪಸು ಬರುವ. ನಿನ್ನ ಬಿಟ್ಟರೆ ಈ ಪೆದ್ದು ನಾಯಿಯನ್ನು ಅಂಗಡಿಗೆ ಯಾರು ಸೇರಿಸ್ತಾರೆ? ನನ್ನನ್ನೂ ಸೇರಿಸ್ಲಿಕ್ಕಿಲ್ಲ."

ಅಷ್ಟರಲ್ಲಿ ರಸ್ಟಿ ಜೊಲ್ಲು ಸುರಿಸುತ್ತ ಹಣ್ಣನ್ನು ಕಚ್ಚಿ ತಂದು ಉಮರಬ್ಬನ ಮುಂದೆ ನಿಂತಿತು. ಅವನು ಲುಂಗಿ ಎತ್ತಿಕೊಂಡು ಹಿಂದಕ್ಕೆ ಹಾರಿದ.

"ಬೇಡ ಮಾರಾಯ, ಖಲಾಸ್! ಅದು ನಿನಗೇ ಇರ್ಲಿ!"

ಕುಸುಮ ನಕ್ಕಳು, ಕೆನ್ನೆ ಒದ್ದೆಯಾಗಿತ್ತು. ಭೋಜರಾಜ ನಾಯಿಯ ಪಟ್ಟಿ ಸರಿಪಡಿಸಿ, ತುದಿಯನ್ನು ಅವಳ ಕೈಗೆ ಕೊಟ್ಟ. ಅವಳ ಇನ್ನೊಂದು ಕೈಯನ್ನು ತನ್ನ ಹೆಗಲ ಮೇಲೆ ಇರಿಸಿಕೊಂಡ.

"ಇಲ್ಲಿ ಮೆಟ್ಟಿಲು," ಎಂದ, ಅವಳಿಗಷ್ಟೇ ಕೇಳುವಂತೆ.

ರಸ್ಟಿಗೆ ಮೆಟ್ಟಿಲು ಬೇಕಿರಲಿಲ್ಲ. ಅದು ಕ್ಯಾರೆಟ್ ಗೋಣಿಗಳ ನಡುವೆ ಕುಳಿತ ಬೆಕ್ಕಿನ ಕಡೆಗೆ ಇಬ್ಬರನ್ನೂ ಎಳೆಯತೊಡಗಿತು.